ಹಿಂಡಿನಲ್ಲಿ ಗುರಿ ಆರಿಸುವವರು ಯಾರು?

ದೆಹಲಿಯಲ್ಲಿರುವ ಓದುಗರಿಗೆ 2022ರ ಜನವರಿ 29ರ ಸಂಜೆ ನೆನಪಿರಬಹುದು. ಬೀಟಿಂಗ್ ರಿಟ್ರೀಟ್ ದಿನ ವಿಜಯ್ ಚೌಕದ ಮೇಲೆ ಸಾವಿರ ಡ್ರೋನ್‌ಗಳು ಹಾರಿ ಆಕಾಶದಲ್ಲಿ ಬೆಳಕಿನ ಚಿತ್ರ ಬಿಡಿಸಿದವು. ಐಐಟಿ ದೆಹಲಿಯ ಆಸರೆಯಲ್ಲಿ ಬೆಳೆದ ಬಾಟ್‌ಲ್ಯಾಬ್ ಡೈನಮಿಕ್ಸ್ ಕಂಪನಿಯ ಕೆಲಸ ಅದು. ಅದಕ್ಕೆ ಒಂದು ವರ್ಷ ಮೊದಲು, 2021ರ ಜನವರಿ 15ರ ಸೇನಾ ದಿನದಂದು, ಅದೇ ಊರಿನಲ್ಲಿ 75 ಡ್ರೋನ್‌ಗಳು ಒಟ್ಟಾಗಿ ಹಾರಿ ಶತ್ರುವಿನ ನೆಲೆಗಳ ಮೇಲೆ ಎರಗುವುದು ಹೇಗೆಂದು ತೋರಿಸಿದ್ದವು. ಪತ್ರಿಕೆಗಳು ಎರಡಕ್ಕೂ 'ಸ್ವಾರ್ಮ್' ಎಂಬ ಒಂದೇ ಹೆಸರಿಟ್ಟವು. ಗೊಂದಲ ಶುರುವಾಗುವುದೇ ಇಲ್ಲಿಂದ.

ಬೆಳಕಿನ ಪ್ರದರ್ಶನದಲ್ಲಿ ಪ್ರತಿ ಡ್ರೋನಿನ ದಾರಿಯನ್ನೂ ಮೊದಲೇ ಲೆಕ್ಕ ಹಾಕಿ ತುಂಬಿರುತ್ತಾರೆ. ಯಾವ ಸೆಕೆಂಡಿಗೆ ಎಲ್ಲಿರಬೇಕು ಎಂಬುದು ಅದಕ್ಕೆ ಗೊತ್ತು. ಪಕ್ಕದ ಡ್ರೋನ್ ಏನು ಮಾಡುತ್ತಿದೆ ಎಂಬುದರ ಗೊಡವೆ ಇಲ್ಲ. ಶಾಲೆಯ ಕವಾಯತಿನಂತೆ. ಸೇನೆಗಳು ಬಯಸುವ ಹಿಂಡು ಬೇರೆ ಜಾತಿಯದು. ಚಳಿಗಾಲದಲ್ಲಿ ಪುಣೆಯ ಸುತ್ತಮುತ್ತ ಗುಲಾಬಿ ಮೈನಾಗಳು ಸಂಜೆಯ ಹೊತ್ತು ಹೊಗೆಯಂತೆ ಸುಳಿದಾಡುವುದನ್ನು ಕಂಡವರಿಗೆ ಅದರ ಅಂದಾಜು ಸಿಗುತ್ತದೆ. ಅಲ್ಲಿ ನಾಯಕ ಹಕ್ಕಿ ಎಂಬುದಿಲ್ಲ. ಇವುಗಳ ಬಂಧುಗಳಾದ ಸ್ಟಾರ್ಲಿಂಗ್ ಹಕ್ಕಿಗಳನ್ನು ರೋಮ್ ನಗರದಲ್ಲಿ ಅಧ್ಯಯನ ಮಾಡಿದ ಭೌತವಿಜ್ಞಾನಿಗಳು 2008ರಲ್ಲಿ ಹೇಳಿದ್ದು ಇದು: ಪ್ರತಿ ಹಕ್ಕಿ ಗಮನಿಸುವುದು ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಕ್ರೇಗ್ ರೆನಾಲ್ಡ್ಸ್ ಎಂಬ ಅಮೆರಿಕದ ಕಂಪ್ಯೂಟರ್ ತಜ್ಞ ಅದಕ್ಕೂ ಮೊದಲೇ, 1987ರಲ್ಲಿ, ಇಂಥ ಹಾರಾಟವನ್ನು ಮೂರು ನಿಯಮಗಳಿಗೆ ಇಳಿಸಿದ್ದ. ಡಿಕ್ಕಿ ಹೊಡೆಯಬೇಡ, ನೆರೆಯವರ ದಿಕ್ಕಿಗೆ ತಿರುಗು, ಗುಂಪು ಬಿಟ್ಟು ದೂರ ಹೋಗಬೇಡ. ಅವನಿಗೆ ಬೇಕಾಗಿದ್ದದ್ದು ತೆರೆಯ ಮೇಲೆ ಹಕ್ಕಿ ಹಾರಿಸುವುದು, ಅಷ್ಟೇ.

2016ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿ ಅಮೆರಿಕದ ಮೂರು ಯುದ್ಧವಿಮಾನಗಳು ಪರ್ಡಿಕ್ಸ್ ಎಂಬ 103 ಪುಟ್ಟ ಡ್ರೋನ್‌ಗಳನ್ನು ಉದುರಿಸಿದವು. ಅವು ತಮ್ಮತಮ್ಮಲ್ಲೇ ಮಾಹಿತಿ ಹಂಚಿಕೊಂಡು ಗುಂಪು ಕಟ್ಟಿದವು. ಕೆಲವು ಬಿದ್ದುಹೋದರೆ ಉಳಿದವು ಹೊಂದಿಕೊಳ್ಳಬಲ್ಲವು. ತಲೆಯೇ ಇಲ್ಲದ್ದನ್ನು ತಲೆ ಕಡಿದು ನಿಲ್ಲಿಸಲಾಗದು ಎಂಬುದು ಇದರ ಮಿಲಿಟರಿ ಬೆಲೆ.

ಹಾಗೆಂದು ಎಣಿಕೆ ದೊಡ್ಡದಾದ ಮಾತ್ರಕ್ಕೆ ಹಿಂಡಾಗುವುದಿಲ್ಲ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆಗಳಿಗೆ ಮುನ್ನೂರರಿಂದ ನಾನೂರು ಡ್ರೋನ್ ಕಳಿಸಿತು ಎಂದು ನಮ್ಮ ಸೇನೆ ಹೇಳಿತು. ಆ ದಿನಗಳಲ್ಲಿ ಕೆಲಸಕ್ಕೆ ಬಂದವುಗಳಲ್ಲಿ ದಶಕಗಳಷ್ಟು ಹಳೆಯ ಎಲ್-70 ಫಿರಂಗಿಗಳೂ ಇದ್ದವು. ಅದೇ ವರ್ಷ ಜೂನ್ 1ರಂದು ಉಕ್ರೇನ್ ಲಾರಿಗಳಲ್ಲಿ ಅಡಗಿಸಿಟ್ಟ 117 ಡ್ರೋನ್‌ಗಳಿಂದ ರಷ್ಯಾದ ಒಳನಾಡಿನ ವಾಯುನೆಲೆಗಳಿಗೆ ಹೊಡೆಯಿತು. ಒಂದೊಂದಕ್ಕೂ ಒಬ್ಬೊಬ್ಬ ಚಾಲಕನಿದ್ದ ಎಂದು ಅಧ್ಯಕ್ಷ ಝೆಲೆನ್ಸ್ಕಿ ಹೇಳಿದರು. ಭೀಕರವೇ ಸರಿ. ಆದರೆ ಪ್ರತಿ ಡ್ರೋನಿನ ಹಿಂದೆ ಒಂದು ಜೊತೆ ಕಣ್ಣಿತ್ತು, ಒಬ್ಬ ಹೊಣೆಗಾರನಿದ್ದ.

ಆ ಕಣ್ಣನ್ನು ಕಿತ್ತುಹಾಕುವ ಒತ್ತಡ ಬರುತ್ತಿರುವುದು ರಾಕ್ಷಸ ಮನಸ್ಸಿನವರಿಂದಲ್ಲ, ಎದುರಾಳಿಯ ಜ್ಯಾಮರ್‌ನಿಂದ. ರೇಡಿಯೊ ಕೊಂಡಿ ಕತ್ತರಿಸಿದರೆ ಡ್ರೋನ್ ಕುರುಡು. ಇದಕ್ಕೆ ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಮೈಲುಗಟ್ಟಲೆ ಆಪ್ಟಿಕಲ್ ಫೈಬರ್ ಎಳೆ ಬಿಚ್ಚುತ್ತಾ ಹೋಗುವ ಡ್ರೋನ್‌ಗಳನ್ನು ಹಾರಿಸಿದರು. ನೂರು ಡ್ರೋನ್‌ಗಳ ಹಿಂಡಿಗೆ ನೂರು ಎಳೆ ಕಟ್ಟಲಾಗದು, ಸಿಕ್ಕು ಬೀಳುತ್ತದೆ. ಉಳಿಯುವ ದಾರಿ ಒಂದೇ: ನಿರ್ಧಾರವನ್ನು ಡ್ರೋನಿನೊಳಗೇ ಇಡುವುದು. ಆಗ ಅಧಿಕಾರಿ ಕೊಡುವ ಅಪ್ಪಣೆಯ ರೂಪವೇ ಬದಲಾಗುತ್ತದೆ. 'ಆ ಟ್ಯಾಂಕನ್ನು ಹೊಡೆ' ಎಂಬುದು 'ಈ ಹತ್ತು ಚದರ ಕಿಲೋಮೀಟರಿನಲ್ಲಿ ಟ್ಯಾಂಕಿನಂತೆ ಕಂಡದ್ದನ್ನು ಹೊಡೆ' ಎಂದಾಗುತ್ತದೆ. ಆ ಹತ್ತು ಕಿಲೋಮೀಟರಿನಲ್ಲಿ ಟ್ರ್ಯಾಕ್ಟರ್ ಹೊಡೆಯುವವರೂ ಇರುತ್ತಾರಲ್ಲ. ತಪ್ಪಾದರೆ ಯಾರನ್ನು ಕೇಳುವುದು? ಅಪ್ಪಣೆ ಕೊಟ್ಟವರನ್ನೇ, ಕೋಡ್ ಬರೆದವರನ್ನೇ, ಪಕ್ಕದ ಡ್ರೋನಿನಿಂದ ತಪ್ಪು ಸುದ್ದಿ ಪಡೆದ ಡ್ರೋನನ್ನೇ?

ಈ ಪ್ರಶ್ನೆಯಲ್ಲಿ ಭಾರತದ ನಿಲುವು ನನಗೆ ಒಪ್ಪಿಗೆಯಾಗುತ್ತಿಲ್ಲ. 2023ರ ಡಿಸೆಂಬರಿನಲ್ಲಿ ಸ್ವಯಂಚಾಲಿತ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಒಂದು ಗೊತ್ತುವಳಿ ಬಂತು. ಅದು ನಿಷೇಧವೇನೂ ಅಲ್ಲ, ಸದಸ್ಯ ದೇಶಗಳ ಅಭಿಪ್ರಾಯ ಸಂಗ್ರಹಿಸಿ ವರದಿ ಕೊಡಿ ಎಂದು ಮಹಾಕಾರ್ಯದರ್ಶಿಯನ್ನು ಕೇಳುವ ಗೊತ್ತುವಳಿ. 152 ದೇಶಗಳು ಹೌದೆಂದವು. ಬೇಡವೆಂದ ನಾಲ್ಕರಲ್ಲಿ ರಷ್ಯಾ, ಬೆಲಾರುಸ್ ಜೊತೆ ನಾವೂ ಇದ್ದೆವು. ನಮ್ಮವರ ವಾದ ತಳ್ಳಿಹಾಕುವಂಥದ್ದಲ್ಲ: ಜಿನೀವಾದಲ್ಲಿ ಇದಕ್ಕೆಂದೇ ವೇದಿಕೆಯಿದೆ, ಎರಡನೆಯದು ಯಾಕೆ? ಆ ಜಿನೀವಾ ತಂಡಕ್ಕೆ 2017 ಮತ್ತು 2018ರಲ್ಲಿ ಅಧ್ಯಕ್ಷರಾಗಿದ್ದವರು ನಮ್ಮದೇ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಆಯುಧದ ಬಳಕೆಯ ಹೊಣೆ ಮನುಷ್ಯನದ್ದೇ ಎಂಬ ತತ್ವ ಅಲ್ಲಿಂದಲೇ ಹೊರಟಿದ್ದು. ಆದರೆ ಜಿನೀವಾದಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಮುಂದಿನ ಹೆಜ್ಜೆ. ಒಬ್ಬರು ಅಡ್ಡ ಮಲಗಿದರೂ ಗಾಡಿ ನಿಂತಿತು. ಅಲ್ಲೇ ಮಾತಾಡೋಣ ಎನ್ನುವವರಿಗೆ ಇದು ತಿಳಿಯದ ವಿಷಯವಲ್ಲ.

ಚೀನಾ ನೆರೆಯಲ್ಲಿರುವಾಗ ಹಿಂಡುಗಳನ್ನು ಕಟ್ಟಬೇಡಿ ಎಂದು ನಾನು ಹೇಳಲಾರೆ. ಕಟ್ಟುತ್ತಿದ್ದೇವೆ ಕೂಡ. ಬೆಂಗಳೂರಿನ ನ್ಯೂಸ್ಪೇಸ್ ಕಂಪನಿ ಸೇನೆಗೆ ಇಂಥ ಡ್ರೋನ್‌ಗಳನ್ನು ಒದಗಿಸಿದೆ. ಅವನ್ನು ಸೀಳುವ ಭಾರ್ಗವಾಸ್ತ್ರದ ಪರೀಕ್ಷೆ 2025ರ ಮೇ ತಿಂಗಳಲ್ಲಿ ಒಡಿಶಾದ ಗೋಪಾಲಪುರದಲ್ಲಿ ನಡೆಯಿತು. (ಈ ಕೋಡ್ ಬರೆಯುವವರ ಅಣ್ಣತಮ್ಮಂದಿರು ಈ ಪತ್ರ ಓದುವವರಲ್ಲೇ ಇದ್ದರೆ ಆಶ್ಚರ್ಯವಿಲ್ಲ.) ನಾನು ಕೇಳುವುದು ಬೇರೆ. ಹಿಂಡು ಕೊಳ್ಳುವ ಕರಾರಿನಲ್ಲಿ ಎಷ್ಟು ದೂರ, ಎಷ್ಟು ತೂಕ, ಎಷ್ಟು ಹೊತ್ತು ಎಂದು ಬರೆಯುವಂತೆ ಇನ್ನೂ ಮೂರು ಸಾಲು ಬರೆಯಲಿ: ಕೊಂಡಿ ಕಡಿದಾಗ ಡ್ರೋನ್ ಹೊಡೆಯಬೇಕೋ ಹಿಂತಿರುಗಬೇಕೋ, ಯಾವ ಹುದ್ದೆಯ ಅಧಿಕಾರಿಯ ಹೆಸರಿನಲ್ಲಿ ಅದು ಹಾರುತ್ತದೆ, ಅದು ಏನು ಕಂಡು ಏನು ಮಾಡಿತು ಎಂಬ ದಾಖಲೆ ಯಾರ ಬಳಿ ಎಷ್ಟು ವರ್ಷ ಉಳಿಯುತ್ತದೆ. ಇದರಲ್ಲಿ ಶತ್ರುವಿಗೆ ಬಿಟ್ಟುಕೊಡುವ ಗುಟ್ಟಿದ್ದರೆ ಮೊದಲನೆಯ ಸಾಲನ್ನು ಮುಚ್ಚಿಡಲಿ. ಉಳಿದೆರಡನ್ನು ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆ ಇಡುವುದಕ್ಕೆ ಏನು ಅಡ್ಡಿ?