ಪದರಗಳ ಮೇಲೆ ಹರಿಯುವ ಬೆಳಕು

ಗಾಜಿಗೆ ತಾಗಿದ ಬೆಳಕು ಒಳಕ್ಕೆ ಹೋಗುವುದು ಇಲ್ಲವೆ ಹಿಂದಕ್ಕೆ ಮರಳುವುದು. ಇದು ನಮ್ಮ ನಿತ್ಯದ ಅನುಭವ. ಆದರೆ ಎರಡನ್ನೂ ಮಾಡದೆ ಅದು ಗಾಜಿನ ಮೈಯನ್ನು ಹಿಡಿದೇ ಸಾಗುವಂತೆ ಮಾಡಬಹುದೆಂಬುದನ್ನು ಈ ಸಲ ವಾಚಕರಿಗೆ ಅರಿಕೆ ಮಾಡುತ್ತೇವೆ.

ಸಾಬೂನಿನ ಗುಳ್ಳೆಯ ಮೇಲೆ ಬಣ್ಣಗಳಾಡುವುದನ್ನು ಯಾರು ನೋಡಿಲ್ಲ? ತೆಳುಪೊರೆಯ ಎರಡು ಮೈಗಳಿಂದಲೂ ಮರಳಿದ ಬೆಳಕಿನ ಅಲೆಗಳು ಒಂದರೊಡನೊಂದು ಸೇರಿ ಕೆಲವು ಬಣ್ಣಗಳನ್ನು ಹೆಚ್ಚಿಸುವುವು, ಕೆಲವನ್ನು ಅಳಿಸುವುವು. ಮುತ್ತಿನ ಚಿಪ್ಪಿನ ಹೊಳಪಿಗೂ ಇಂತಹ ಪದರಗಳೇ ಕಾರಣ. 1930ರ ದಶಕದಲ್ಲಿ ಸರ್ ಸಿ. ವಿ. ರಾಮನ್ನರು ಬೆಂಗಳೂರಿನಲ್ಲಿ ಇದನ್ನೇ ಪರಿಶೀಲಿಸಿದರು.

ಈಗ ಎರಡು ಬಗೆಯ ಪೊರೆಗಳನ್ನು ಗಾಜಿನ ಮೇಲೆ ಒಂದಾದ ಮೇಲೊಂದರಂತೆ ಹಲವು ಸಾರಿ ಹೊದಿಸಿದರೆಂದು ಭಾವಿಸೋಣ. ಒಂದೊಂದರ ದಪ್ಪವು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಆಸುಪಾಸು. ಪ್ರತಿ ಪದರವೂ ತಕ್ಕ ಬಣ್ಣದ ಬೆಳಕನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತಳ್ಳುವುದರಿಂದ ಅದು ಕೆಳಕ್ಕೆ ಇಳಿಯಲಾರದು. ಬೆಳಕು ಸಾಕಷ್ಟು ಓರೆಯಾಗಿದ್ದರೆ ಮೇಲಣ ಗಾಳಿಗೂ ಹೊರಡಲಾರದು. ಎರಡು ಬಾಗಿಲುಗಳೂ ಮುಚ್ಚಿದ ಮೇಲೆ, ಕೊನೆಯ ಪದರದ ದಪ್ಪವು ಸರಿಯಾಗಿದ್ದಲ್ಲಿ, ಮೈಯನ್ನು ಹಿಡಿದು ಸಾಗುವುದೊಂದೇ ದಾರಿ. 1978ರಲ್ಲಿ ಅಮೆರಿಕದ ಯೆ, ಯಾರಿವ್, ಚೋ ಎಂಬ ಮೂವರು ವಿದ್ವಾಂಸರು ಇದನ್ನು ಪ್ರಯೋಗದಿಂದ ತೋರಿಸಿದರು. ಹರಳುಗಳಲ್ಲಿ ಎಲೆಕ್ಟ್ರಾನುಗಳ ನಡಿಗೆಯನ್ನು 1928ರಲ್ಲಿ ವಿವರಿಸಿದ ಫೆಲಿಕ್ಸ್ ಬ್ಲಾಕ್ ಎಂಬವರ ಹೆಸರು ಈ ಅಲೆಗೆ ಬಂದಿದೆ.

ಚಿನ್ನದ ತೆಳುಹಾಳೆಯ ಮೇಲೆಯೂ ಬೆಳಕನ್ನು ಹೀಗೆ ಹರಿಯಿಸಬಹುದು. ಆದರೆ ಲೋಹವು ಅದನ್ನು ಬೇಗನೆ ನುಂಗಿ ಶಾಖವಾಗಿ ಮಾಡುವುದು. ಗಾಜಿನಂತಹ ಪದರಗಳು ಬೆಳಕನ್ನು ಬಹು ಸ್ವಲ್ಪವೇ ಹೀರುವುದರಿಂದ ಅಲೆಯು ಎಷ್ಟೋ ಹೆಚ್ಚು ದೂರ ಸಾಗುವುದು.

ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಮೈಗೆ ಅಂಟಿಕೊಂಡೇ ಹೋಗುವ ಅಲೆಗೆ ಆ ಮೈಮೇಲಣ ಅತ್ಯಲ್ಪ ವ್ಯತ್ಯಾಸವೂ ತಿಳಿಯುವುದು. ಪದರಗಳ ಕೆಳಗೆ ಮುಮ್ಮೂಲೆಯ ಗಾಜನ್ನಿಟ್ಟು ತಕ್ಕ ಓರೆಯಲ್ಲಿ ಬೆಳಕನ್ನು ಬಿಟ್ಟರೆ, ಪದರಗಳ ಎಣಿಕೆ ಮಿತವಾಗಿರುವುದರಿಂದ ಅದರಲ್ಲಿ ಸ್ವಲ್ಪವು ನುಸುಳಿ ಅಲೆಯನ್ನು ಸೇರುವುದು. ಮರಳಿದ ಬೆಳಕಿನಲ್ಲಿ ಆ ಓರೆಗೆ ಸರಿಯಾಗಿ ಒಂದು ಕಪ್ಪು ಗೆರೆ ಕಾಣುವುದು. ಮೇಲಣ ಪದರಕ್ಕೆ ರೋಗದ ಗುರುತಾದ ಅಣುವನ್ನು ಹಿಡಿಯತಕ್ಕ ಪದಾರ್ಥವನ್ನು ಹಚ್ಚಿ, ಅದರ ಮೇಲೆ ರಕ್ತದ ತಿಳಿಯನ್ನು ಹರಿಯಿಸಿದಾಗ, ಆ ಅಣುಗಳು ಬಂದು ಅಂಟಿದರೆ ಗೆರೆಯು ಸ್ಥಳ ಬಿಟ್ಟು ಸರಿಯುವುದು. ಸರಿದ ಅಳತೆಯೇ ಅಂಟಿದ ಅಣುಗಳ ಲೆಕ್ಕವನ್ನು ಹೇಳುವುದು.

ಇದು ಸದ್ಯಕ್ಕೆ ಬಹುಮಟ್ಟಿಗೆ ಪ್ರಯೋಗಶಾಲೆಯ ಕೆಲಸವೇ ಆಗಿದೆ. ಆದರೂ ರೋಗಿಗೆ ನೋವು ತೋರುವುದಕ್ಕೆ ಮುಂಚೆಯೇ ರೋಗದ ಸುಳಿವನ್ನು ಹಿಡಿಯಬೇಕೆಂದು ಶ್ರಮಿಸುವವರು ಈ ತೆಳು ಬೆಳಕನ್ನು ನೆಚ್ಚಿರುವುದು ಸಹಜವೆಂದು ನಾವು ಭಾವಿಸುತ್ತೇವೆ.