ಗಟ್ಟಿ ಕಟ್ಟಬಹುದಾ, ಇಲ್ಲವಾ?

ಹೋದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ಫೋನಿನ ಚಾರ್ಜೂ ಮುಗಿದಿತ್ತು. ನಾನು, ನನ್ನ ಮಂಡ್ಯದ ರೂಮ್‌ಮೇಟ್ ಇಬ್ಬರೂ ಮೇಣದಬತ್ತಿ ಹಚ್ಚಿ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಐದಕ್ಕೆ ಐದು ಮನೆಯ ಪಟ ಬರೆದು ಚೌಕಾಬಾರ ಆಡೋಕೆ ಕೂತ್ವಿ. ಹತ್ತೇ ನಿಮಿಷಕ್ಕೆ ಜಗಳ. ಅವಳು ತನ್ನ ಎರಡು ಕಾಯಿ ಒಂದೇ ಮನೆಯಲ್ಲಿಟ್ಟು, "ಗಟ್ಟಿ ಕಟ್ದೆ, ಇನ್ನು ನಿನ್ ಒಂಟಿ ಕಾಯಿಂದ ಕಡಿಯಕ್ಕಾಗಲ್ಲ" ಅಂದಳು. ನಾನು ಸದಲಗಾದಲ್ಲಿ ನಮ್ಮ ಆಯಿಯ ಹತ್ತಿರ ಕಲಿತ ಆಟದಲ್ಲಿ ಗಟ್ಟಿ ಅನ್ನೋದೇ ಇಲ್ಲ. ಅದರ ಬದಲು, ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ.

"ಇದ್ಯಾವ ರೂಲೇ? ನೀನೇ ಮಾಡ್ಕೊಂಡಿದ್ದಾ?" ಅಂದಳು.

ಕರೆಂಟ್ ಬಂದ ಮೇಲೆ ಇಬ್ಬರೂ ಮಾಡಿದ ಮೊದಲ ಕೆಲಸ ಸರ್ಚ್. ಮೊದಲು ಬಂದದ್ದು ಆ್ಯಪ್‌ಗಳು. ಆಮೇಲೆ "ನಾವು ಮರೆತ ಹತ್ತು ಹಳ್ಳಿ ಆಟಗಳು" ಥರದ ಪುಟಗಳು, ಒಂದನ್ನ ನೋಡಿ ಇನ್ನೊಂದು ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. (ಲ್ಯಾಬ್ ರೆಕಾರ್ಡ್ ಬರೆದವರಿಗೆ ಇದು ಬೇಗ ಗೊತ್ತಾಗುತ್ತೆ.) ಎಲ್ಲದರಲ್ಲೂ ಒಂದೇ ನಿಯಮ, ಇಡೀ ಕರ್ನಾಟಕ ಹಾಗೇ ಆಡುತ್ತೆ ಅನ್ನೋ ಹಾಗೆ. ನಮ್ಮ ಆಯಿ ಎಲ್ಲೂ ಇಲ್ಲ.

ಅವಳು ಮಲಗಿದಳು. ನಾನು ಬಿಡಲಿಲ್ಲ. ಇಂಟರ್ನಲ್ಸ್ ಇದ್ದಾಗ ನಮಗೆ ಬೇರೆ ಎಲ್ಲದರಲ್ಲೂ ಎಷ್ಟು ಆಸಕ್ತಿ ಬರುತ್ತೆ ಅಂತ ನಿಮಗೆ ಗೊತ್ತಲ್ಲ.

ಆ ವಾರ ಒಂದೆರಡು ವಿಷಯ ಕಲಿತೆ. ಚೌಕಾಬಾರ, ಚೌಕಬಾರ, ಚವಕಾಬಾರ, ಹೀಗೆ ಜನ ಬರೆಯೋ ಎಲ್ಲಾ ಸ್ಪೆಲ್ಲಿಂಗ್ ಹಾಕಿ ನೋಡಬೇಕು. ಸರ್ಚ್‌ನಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಬ್ಲಾಗ್‌ಸ್ಪಾಟ್ ಅಥವಾ ವರ್ಡ್‌ಪ್ರೆಸ್‌ನ ವಿಳಾಸ ಕೊಟ್ಟರೆ ಆ್ಯಪುಗಳೆಲ್ಲ ಪಕ್ಕಕ್ಕೆ ಸರಿದು ಮನುಷ್ಯರು ಕಾಣೋಕೆ ಶುರುವಾಗ್ತಾರೆ. ಒಬ್ಬರು ಕೊಟ್ಟ ಲಿಂಕಿನಿಂದ ಇನ್ನೊಬ್ಬರ ಮನೆಗೆ. ನಮ್ಮೂರಲ್ಲಿ ವಿಳಾಸ ಕೇಳಿಕೊಂಡು ಹೋಗೋ ಹಾಗೇ ಇದು.

ಹಾಗೆ ಹೋಗಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರ 'ಕ್ರೀಡಾ ಕೌಶಲ್ಯ' ಬ್ಲಾಗ್ ಮುಟ್ಟಿದೆ. ಹಳೆಯ ಆಟಗಳ ಪ್ರದರ್ಶನ ಮಾಡ್ತಾ ಬಂದವರು ಇವರು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಪಟದ ಆಟಗಳನ್ನ ರೂಪಿಸ್ತಿದ್ದರು, 'ಶ್ರೀತತ್ತ್ವನಿಧಿ'ಯಲ್ಲಿ 'ಕೌತುಕನಿಧಿ' ಅಂತ ಒಂದು ಭಾಗವೇ ಆಟಗಳ ಮೇಲಿದೆ, ಜಗನ್ಮೋಹನ ಅರಮನೆಯ ಗೋಡೆ ಮೇಲೆ ಅವುಗಳ ಚಿತ್ರ ಇದೆ. ಇದೊಂದೂ ನನಗೆ ಹತ್ತೊಂಬತ್ತು ವರ್ಷ ಗೊತ್ತಿರಲಿಲ್ಲ. ದಸರಾ ನೋಡೋಕೆ ಮೈಸೂರಿಗೆ ಎರಡು ಸಲ ಹೋಗಿದ್ದೆ, ನೆನಪಿರೋದು ಬರೀ ಜನಜಂಗುಳಿ.

ಆಮೇಲೆ ಆಟ ಬಿಟ್ಟು ಎಲ್ಲೆಲ್ಲೋ ಹೋದೆ. ಮಂಗಳೂರಿನ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿತು. ಅದರ ಯಜಮಾನರಾಗಿದ್ದ ಜಿ. ಎನ್. ಅಶೋಕವರ್ಧನ ಅವರ ತಾಣ ಮಾತ್ರ ಇದೆ. ಚಾರಣ, ಸೈಕಲ್ ಸುತ್ತಾಟ, ಯಕ್ಷಗಾನ, ಮನಸ್ಸಿಗೆ ಬಂದದ್ದೆಲ್ಲ ಅಲ್ಲಿ ಉದ್ದುದ್ದ. ಯಾರೂ ಅವರಿಗೆ "ಮೂವತ್ತು ಸೆಕೆಂಡಿನಲ್ಲಿ ಮುಗಿಸಿ" ಅಂತ ಹೇಳಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು ಕನ್ನಡ ಓದೋದು ನಿಧಾನ, ಒಂದು ಬರಹಕ್ಕೆ ಎರಡು ರಾತ್ರಿ ಬೇಕಾಯ್ತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಹೀಗೆ ಬೆಳೆದ ನನಗೆ ಒಬ್ಬರು ತಮಗೆ ಇಷ್ಟವಾದದ್ದನ್ನ ಇಷ್ಟೊಂದು ಆರಾಮಾಗಿ ಕನ್ನಡದಲ್ಲಿ ಹೇಳೋದನ್ನ ಓದಿದ್ದು ಅದೇ ಮೊದಲು. ಯು. ಬಿ. ಪವನಜ ಅವರ 'ವಿಶ್ವಕನ್ನಡ' ಶುರುವಾದದ್ದು 1996ರಲ್ಲಂತೆ. ಅಂದ್ರೆ ನಾವು ಹುಟ್ಟೋಕೆ ಎಷ್ಟೋ ಮೊದಲೇ ಇಲ್ಲಿ ಕನ್ನಡದವರು ಮನೆ ಕಟ್ಟಿದ್ದರು.

ಕೊನೆಗೆ ಸಿಕ್ಕಿತು. ಹೆಸರೇ ಹಾಕದ ಯಾರೋ ಒಬ್ಬರ ಬ್ಲಾಗ್, 2011ರ ನಂತರ ಏನೂ ಬರೆದಿಲ್ಲ. ತಮ್ಮ ತಾಯಿ ರಾಯಬಾಗದ ಕಡೆಯವರು, ಅವರು ಆಡಿಸ್ತಿದ್ದ ಆಟ ಇದು ಅಂತ ಒಂಬತ್ತು ಸಾಲು. ಏಳನೇ ಸಾಲಿನಲ್ಲಿ ನಮ್ಮ ಆಯಿಯ ನಿಯಮ: ಹೊಡೆಯದವರಿಗೆ ಒಳಗೆ ದಾರಿ ಇಲ್ಲ. ಪಟದ ಫೋಟೋ ಇರಬೇಕಾದ ಜಾಗದಲ್ಲಿ ಬರೀ ಖಾಲಿ ಚೌಕ. ವೇಬ್ಯಾಕ್ ಮಷೀನ್‌ನಲ್ಲಿ ನೋಡಿದೆ, ಅಕ್ಷರ ಇತ್ತು, ಫೋಟೋ ಇರಲಿಲ್ಲ.

ಸ್ಕ್ರೀನ್‌ಶಾಟ್ ತೆಗೆದು ರೂಮ್‌ಮೇಟಿಗೆ ತೋರಿಸಿದೆ. "ಸರಿ ಬಿಡು, ನಿಮ್ ಕಡೆ ಹಂಗೇ" ಅಂದಳು. ಗೆದ್ದೆ ಅನ್ನೋದಕ್ಕಿಂತ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಆ ಒಂಬತ್ತು ಸಾಲು ಬರೆಯದೇ ಇದ್ದಿದ್ದರೆ?

ಯಾಕಂದ್ರೆ ನಮ್ಮ ಮನೆಯಲ್ಲೇ ಒಂದು ಪಟ ಹೋಗಿದೆ. ಸದಲಗಾದ ಹಳೆ ಪಡಸಾಲೆಯ ಫರಸಿ ಕಲ್ಲಿನ ಮೇಲೆ ಆಯಿಯ ಅತ್ತೆಯ ಕಾಲದಲ್ಲಿ ಕೊರೆದ ಪಟ ಇತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಟೈಲ್ಸ್ ಹಾಕಿಸಿದರು. ಟೈಲ್ಸ್ ಬೇಕು ಅಂತ ಹಟ ಹಿಡಿದವರಲ್ಲಿ ನಾನೂ ಒಬ್ಬಳು. ಯಾರೂ ಅದರ ಫೋಟೋ ತೆಗೆದಿಲ್ಲ.

ನಮ್ಮ ಕ್ಲಬ್ಬಿನಲ್ಲಿ ಇದನ್ನ ಹೇಳಿದಾಗ ಒಬ್ಬ ಸೀನಿಯರ್, "ಒಂದು ರೀಲ್ ಮಾಡು, ಬ್ಲಾಗ್ ಯಾರು ಓದ್ತಾರೆ?" ಅಂದ್ರು. ಮಾಡಬಹುದು. ನಾನೂ ದಿನಕ್ಕೆ ಎರಡು ಗಂಟೆ ರೀಲ್ ನೋಡೋಳೇ, ಸಾಧ್ವಿಯೇನಲ್ಲ. ಆದರೆ ಹೋದ ತಿಂಗಳು ನೋಡಿದ ಒಂದು ರೀಲನ್ನ ಇವತ್ತು ಹುಡುಕಿ ಕೊಡಿ ನೋಡೋಣ. ಸ್ಟೋರಿಯಂತೂ 24 ಗಂಟೆಗೆ ಮಾಯ. ಆ ರಾಯಬಾಗದ ಒಂಬತ್ತು ಸಾಲಿಗೆ ಎಷ್ಟು ಜನ ಬಂದಿದ್ದರೋ ಏನೋ, ಇಷ್ಟು ವರ್ಷ ಆದ ಮೇಲೆ ಬೇಕಾದವಳಿಗೆ ಬೇಕಾದಾಗ ಸಿಕ್ಕಿತಲ್ಲ. ಓದುಗರ ಲೆಕ್ಕದಲ್ಲಿ ಅದು ಒಂದು, ನನ್ನ ಲೆಕ್ಕದಲ್ಲಿ ಅದೇ ಎಲ್ಲಾ.

ಸ್ವಂತ ತಾಣಗಳು ಶಾಶ್ವತ ಅಂತ ನಾನು ಹೇಳಲ್ಲ. ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಒಟ್ಟಿಗೆ ಹೋದವು. ಯೂನಿಕೋಡ್ ಬಳಕೆಗೆ ಬರೋ ಮೊದಲು ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಆ ಫಾಂಟ್ ಇಲ್ಲದಿದ್ದರೆ ಈಗ ಕಾಣೋದು ಬರೀ ಕಸ, ಸರ್ಚಿಗೂ ಅದು ಕನ್ನಡ ಅಂತ ತಿಳಿಯಲ್ಲ. ಅದಕ್ಕೇ ನಾವು ಮಾಡಬೇಕು ಅನ್ನೋದು. ಇಷ್ಟೊಂದು ಜನ ಕಂಪ್ಯೂಟರ್ ಸೈನ್ಸ್‌ನವರು ಇದ್ದೀವಿ. ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಪುಟ ಇಡೋಕೆ ದುಡ್ಡು ಬೇಡ. ಮಿನಿ ಪ್ರಾಜೆಕ್ಟ್ ಅಂತ ನಾವು ಮಾಡೋ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಯಾವ ಲೈಬ್ರರಿಯಲ್ಲಿದೆ ಹೇಳಿ?

ಇನ್ನೊಂದು ಮಾತು. ನಮ್ಮ ಹುಲಿ-ಕುರಿ ಆಟದ ಸಂಬಂಧಿ ನೇಪಾಳದ ಬಾಘ್-ಚಾಲ್: 25 ಬಿಂದು, 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಅನ್ನೋ ಇಬ್ಬರು ಅದನ್ನ ಕಂಪ್ಯೂಟರಿನಲ್ಲಿ ಬಿಡಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಡ್ರಾ ಅಂತ ತೋರಿಸಿದ್ದಾರೆ. ಅದು ಸಾಧ್ಯ ಆಗಿದ್ದು ನಿಯಮ ಪಕ್ಕಾ ಇದ್ದದ್ದಕ್ಕೆ. ಸ್ಪೆಸಿಫಿಕೇಷನ್ ಇಲ್ಲದೆ ಕೋಡ್ ಬರೆಯೋಕಾಗಲ್ಲ ಅಂತ ನಮಗೆ ದಿನಾ ಹೇಳ್ತಾರೆ. ನಮ್ಮೂರ ಆಟಗಳ ಸ್ಪೆಸಿಫಿಕೇಷನ್ ನಮ್ಮ ಆಯಿಯಂದಿರ ಕೈಯಲ್ಲಿದೆ. ಕೈಯಲ್ಲಿ ಅಂದ್ರೆ ಕೈಯಲ್ಲೇ. ನಿಯಮ ಹೇಳು ಅಂದ್ರೆ ಆಯಿಗೆ ಬರಲ್ಲ, ಕವಡೆ ಕೊಟ್ಟು ಆಡು ಅಂದ್ರೆ ಬರುತ್ತೆ.

ದೀಪಾವಳಿ ರಜೆಯಲ್ಲಿ ಆ ಒಂಬತ್ತು ಸಾಲನ್ನ ಆಯಿಗೆ ಓದಿ ಹೇಳಿದೆ. ಕಣ್ಣಿಗೆ ಪೊರೆ ಬಂದಿದೆ, ಕಿವಿ ಚುರುಕು. ಕೇಳಿ ಮುಗಿಸಿ, "ಬರದಾಕಿ ಚಲೋ ಬರದಾಳ. ಖರೆ ಒಂದು ಬಿಟ್ಟಾಳ ನೋಡವ್ವಾ. ಕಾಯಿ ಹೊಡದ್ರ ಇನ್ನೊಂದ ಆಟ ಐತಿ. ಅದನ್ನ ಯಾಕ ಬಿಟ್ಲು?" ಅಂದಳು. ಬರೆದವರು ಹೆಂಗಸು ಅಂತ ಆಯಿ ಹೇಗೆ ತೀರ್ಮಾನ ಮಾಡಿದಳೋ ನಾನು ಕೇಳಲಿಲ್ಲ. ನಾಲ್ಕು ದಿನ ಅವಳ ಜೊತೆ ಆಡಿ, ಆಡ್ತಾ ಆಡ್ತಾ ಬರೆದುಕೊಂಡೆ. ನಾಲ್ಕಕ್ಕೆ ಅವಳು ಚಕ್ಕಾ ಅಂತಾಳೆ. ಆಟಕ್ಕೂ ಅದೇ ಹೆಸರು. ನಾಲ್ಕು ದಿನವೂ ಸೋತೆ.

ಪುಟ ಈಗ ತಯಾರಾಗಿದೆ, 'ಚಕ್ಕಾ: ಸದಲಗಾದ ಒಂದು ಮನೆಯಲ್ಲಿ ಆಡುವ ರೀತಿ' ಅಂತ. ಅದರ ಕೆಳಗೇ ಮಂಡ್ಯದ ರೀತಿ, ಗಟ್ಟಿ ಸಮೇತ. ಅದನ್ನ ರೂಮ್‌ಮೇಟ್ ಬರೆದಿದ್ದಾಳೆ, ನನಗಿಂತ ಉದ್ದ ಬರೆದಿದ್ದಾಳೆ. ಪಟದ ಚಿತ್ರ ಇನ್ನೂ ಹಾಕಿಲ್ಲ. ಆಯಿ ಚಾಕ್‌ಪೀಸಿನಲ್ಲಿ ಬರೆದದ್ದರ ಫೋಟೋ ನನ್ನ ಹತ್ತಿರ ಇದೆ. ಆದರೆ ಅದರಲ್ಲಿ ಒಂದು ಗೆರೆ ವಾರೆಯಾಗಿದೆಯಂತೆ, ಯಾರೋ ಹೇಳಿದ್ದಾರೆ. ಮಂದಿ ನೋಡೋದಾದ್ರ ಅದು ಬ್ಯಾಡ, ಊರಿಗೆ ಬಂದಾಗ ಇನ್ನೊಮ್ಮೆ ಬರದ ಕೊಡ್ತೇನಿ ಅಂದಿದ್ದಾಳೆ.