ಸಾಕ್ಷಿಯನ್ನೇ ಸುಳ್ಳುಗಾರ ಎನ್ನಬೇಡಿ

ಸಂಘದ ಸಭೆ ಮುಗಿದು ಕಾಫಿಯ ಲೋಟ ಕೈಗೆ ಬಂತೆಂದರೆ ಒಂದು ಮಾತು ತಪ್ಪದು: "ಬೆಲೆಯೇರಿಕೆ ತಗ್ಗಿದೆ ಎನ್ನುತ್ತದೆ ಪತ್ರಿಕೆ. ನಮ್ಮ ಚೀಲವೇಕೆ ತುಂಬುವುದಿಲ್ಲ? ಈ ಸೂಚ್ಯಂಕವೇ ಸುಳ್ಳು!" ಕೇಂದ್ರ ಸರಕಾರದ ಗುಮಾಸ್ತರಾದ ನಾವು ಇದನ್ನು ಒಪ್ಪಲಾರೆವು. ದೋಷವಿದೆ, ನಿಜ, ಅದು ಇರುವ ಜಾಗ ಬೇರೆ.

ಮೊದಲು ಲೆಕ್ಕ ನೋಡೋಣ. ಕಿಲೋ ಬೇಳೆ 100 ರೂಪಾಯಿಯಿಂದ 110ಕ್ಕೆ, ಮರುವರ್ಷ 112ಕ್ಕೆ ಏರಿತೆನ್ನಿ. ಏರಿಕೆಯ ದರ ಶೇಕಡಾ 10ರಿಂದ 2ರೊಳಗೆ ತಗ್ಗಿತು, ಬೇಳೆ ಅಗ್ಗವಾಗಲಿಲ್ಲ. ಬೆಲೆಯೇ ಇಳಿಯಬೇಕಾದರೆ ದರ ಸೊನ್ನೆಗಿಂತ ಕೆಳಗೆ ಹೋಗಬೇಕು.

ನಿಜವಾದ ತಕರಾರು ಬುಟ್ಟಿಯದು. ನಮ್ಮ ತುಟ್ಟಿಭತ್ಯೆಗೆ ಆಧಾರ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಕುಟುಂಬಗಳ ಖರ್ಚನ್ನು ವಿಚಾರಿಸಿ ಬುಟ್ಟಿ ಕಟ್ಟುತ್ತಾರೆ. ಆಮೇಲೆ ಅದರ ಬೆಲೆಯನ್ನು ತಿಂಗಳು ತಿಂಗಳೂ ಅಳೆಯುತ್ತಾರೆ. 2001ರ ಬುಟ್ಟಿಯಲ್ಲಿ ಆಹಾರದ ಪಾಲು ಶೇಕಡಾ 46.2 ಇತ್ತು, 2016ರದರಲ್ಲಿ 39.17. ಶಾಲೆ, ಔಷಧ, ಪ್ರಯಾಣ ಮುಂತಾದವುಗಳ ಪಾಲು 23.26ರಿಂದ 30.31ಕ್ಕೆ ಬೆಳೆಯಿತು. ಆದರೆ ಹೊಸ ಬುಟ್ಟಿ ಬಳಕೆಗೆ ಬಂದದ್ದು 2020ರ ಸೆಪ್ಟೆಂಬರಿನ ಸೂಚ್ಯಂಕದಿಂದ! ಅಲ್ಲಿಯವರೆಗೂ ಕಾಲೇಜು ಹುಡುಗನಿಗೆ ಎರಡನೇ ಇಯತ್ತೆಯ ಅಂಗಿ. ತರಕಾರಿ ಅಗ್ಗವಾದರೆ ಇಂಥ ಸೂಚ್ಯಂಕ ನಮ್ಮ ಮನೆಖರ್ಚಿಗಿಂತ ಹೆಚ್ಚು ಇಳಿಯುತ್ತದೆ. ಶಾಲೆಯ ಫೀಸು ಏರಿದರೆ ಕಡಿಮೆ ಏರುತ್ತದೆ.

ಹಾಗೆಂದು ಸೂಚ್ಯಂಕವನ್ನೇ ಎಸೆದರೆ ನಮಗೆ ಉಳಿಯುವುದೇನು? 2020ರ ಜನವರಿಯಿಂದ 2021ರ ಜೂನ್‌ವರೆಗೆ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿಯಲಾಯಿತು. ಆಗ ನಮ್ಮ ಪರ ಸಾಕ್ಷಿ ನುಡಿದದ್ದು ಇದೇ ಸೂಚ್ಯಂಕ. ಅದರ ಬಲದಿಂದಲೇ 2021ರ ಜುಲೈಯಲ್ಲಿ ಭತ್ಯೆ ಶೇಕಡಾ 17ರಿಂದ 28ಕ್ಕೇರಿತು. 18 ತಿಂಗಳ ಬಾಕಿ ಮಾತ್ರ ಕೈಸೇರಲಿಲ್ಲ. ಆ ತಪ್ಪು ಸಾಕ್ಷಿಯದಲ್ಲ.

ನಮ್ಮ ಈ ಮುಂಬಯಿಯ ಕಾರ್ಮಿಕರು ಜಾಣರಿದ್ದರು. 1963ರಲ್ಲಿ ಅವರು ಬರಿದೇ ಗೊಣಗಲಿಲ್ಲ, ಸೂಚ್ಯಂಕದ ಲೆಕ್ಕವನ್ನೇ ಪ್ರಶ್ನಿಸಿದರು. ಲಕ್ಡಾವಾಲಾ ಸಮಿತಿ ಪರಿಶೀಲಿಸಿತು, ದೋಷ ಕಂಡಿತು.

ನಾವು ಕೇಳಬೇಕಾದದ್ದೂ ಇಷ್ಟೇ: ಐದು ವರ್ಷಕ್ಕೊಮ್ಮೆ ಬುಟ್ಟಿ ಬದಲಾಗಲಿ. ನಾವು ಮಾಡಬೇಕಾದದ್ದೂ ಒಂದಿದೆ. ಖರ್ಚು ವಿಚಾರಿಸಲು ಬಂದವರನ್ನು "ಯಜಮಾನರು ಮನೆಯಲ್ಲಿಲ್ಲ" ಎಂದು ಬಾಗಿಲಿನಿಂದಲೇ ಕಳುಹಿಸುವವರು ನಮ್ಮಲ್ಲಿಯೇ ಇದ್ದಾರೆ. ನಮ್ಮ ಮನೆಯ ಲೆಕ್ಕ ಕೊಡದೆ, ಬುಟ್ಟಿ ನಮ್ಮದಲ್ಲ ಎಂದು ದೂರುವುದು ಯಾವ ನ್ಯಾಯ?